ಜೇಬಿನ ತಿಜೋರಿ, ಕಾಗದದ ಕೀಲಿ

ಹಾರ್ಡ್‌ವೇರ್ ವಾಲೆಟ್‌ನೊಳಗೆ ಬಿಟ್‌ಕಾಯಿನ್ ಇರುವುದಿಲ್ಲ. ನಾಣ್ಯದ ಲೆಕ್ಕವೆಲ್ಲ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಖಾತೆಪುಸ್ತಕದಲ್ಲಿರುತ್ತದೆ. ಅಂಗೈಯಲ್ಲಿ ಅಡಗುವ ಈ ಸಾಧನದಲ್ಲಿರುವುದು ಆ ಲೆಕ್ಕದಿಂದ ಹಣ ಸಾಗಿಸಲು ಬೇಕಾದ ಖಾಸಗಿ ಕೀಲಿ, ಅಂದರೆ ಒಂದು ಭಾರಿ ಸಂಖ್ಯೆ. ಅದು ಯಾರ ಕೈಗೆ ಸಿಕ್ಕರೆ ಹಣ ಅವರದು. ದೂರು ಕೊಡಲು ಬ್ಯಾಂಕಿನ ಶಾಖೆಯಿಲ್ಲ, ವಹಿವಾಟು ರದ್ದುಮಾಡುವ ಮ್ಯಾನೇಜರೂ ಇಲ್ಲ.

ಮೊದಮೊದಲು ಈ ಸಂಖ್ಯೆ ಮಾಮೂಲಿ ಕಂಪ್ಯೂಟರಿನ ಯಾವುದೋ ಫೈಲಿನಲ್ಲಿ ಕುಳಿತಿರುತ್ತಿತ್ತು. 2012ರ ಮಾರ್ಚ್‌ನಲ್ಲಿ ಬಾಡಿಗೆ ಸರ್ವರ್‌ಗಳಿಗೆ ನುಗ್ಗಿದ ಕಳ್ಳರು ಜೆಕ್ ಪ್ರೋಗ್ರಾಮರ್ ಮಾರೆಕ್ ಪಲಾಟಿನಸ್ ನಡೆಸುತ್ತಿದ್ದ, ಹಲವರು ಒಟ್ಟಾಗಿ ಬಿಟ್‌ಕಾಯಿನ್ ಗಳಿಸುವ ಮೈನಿಂಗ್ ಪೂಲ್‌ನಿಂದ ಮೂರು ಸಾವಿರಕ್ಕೂ ಹೆಚ್ಚು ಬಿಟ್‌ಕಾಯಿನ್ ಲಪಟಾಯಿಸಿದರು. ಈ ಕಳ್ಳತನದ ಬಳಿಕ ಪಲಾಟಿನಸ್ ಮತ್ತು ಪಾವೊಲ್ ರುಸ್ನಾಕ್ 2013ರಲ್ಲಿ ಪ್ರಾಗ್‌ನಲ್ಲಿ ಸತೋಶಿಲ್ಯಾಬ್ಸ್ ಕಂಪನಿ ಕಟ್ಟಿದರು. 2014ರಲ್ಲಿ ಅವರ ಹಾರ್ಡ್‌ವೇರ್ ವಾಲೆಟ್ ಟ್ರೆಜರ್ ಗ್ರಾಹಕರ ಕೈ ಸೇರಿತು. ಜೆಕ್ ಭಾಷೆಯಲ್ಲಿ ಟ್ರೆಜರ್ ಎಂದರೆ ತಿಜೋರಿ. ಪ್ಲಾಸ್ಟಿಕ್ ಮಾದರಿಯನ್ನು ಮುಂಗಡವಾಗಿ ಕಾಯ್ದಿರಿಸಿದವರು ಕೊಟ್ಟ ಬೆಲೆ 1 ಬಿಟ್‌ಕಾಯಿನ್. ಆ ರಸೀದಿಯನ್ನು ಅವರು ಈಗ ತೆಗೆದು ನೋಡದಿರುವುದೇ ಒಳ್ಳೆಯದು.

ಟ್ರೆಜರ್‌ನ ಯುಕ್ತಿ ಸರಳ. ಕಂಪ್ಯೂಟರು ವಹಿವಾಟಿನ ಕರಡು ಕಳುಹಿಸುತ್ತದೆ, ಸಾಧನ ಒಳಗೇ ಸಹಿ ಹಾಕಿ ಸಹಿಯನ್ನಷ್ಟೇ ಹಿಂದಿರುಗಿಸುತ್ತದೆ. ಕೀಲಿ ಹೊರಬರುವುದೇ ಇಲ್ಲ. ಕಂಪ್ಯೂಟರಿಗೆ ವೈರಸ್ ಹೊಕ್ಕಿದ್ದರೂ ಸಾಧನದ ಪುಟ್ಟ ಪರದೆಯಲ್ಲಿ ಮೊತ್ತ ಮತ್ತು ವಿಳಾಸವನ್ನು ಕಣ್ಣಾರೆ ನೋಡಿ ಗುಂಡಿ ಒತ್ತಬಹುದು. ಮೊದಲ ಮಾದರಿಯಲ್ಲಿ ಪಿನ್ ಹಾಕುವಾಗಲೂ ಇದೇ ಜಾಣತನ: ಅಂಕಿಗಳು ಸಾಧನದ ಪರದೆಯಲ್ಲಿ ಪ್ರತಿಸಲ ಸ್ಥಾನ ಬದಲಿಸುತ್ತವೆ, ಕಂಪ್ಯೂಟರಿನಲ್ಲಿ ಕಾಣುವುದು ಬರಿಯ ಖಾಲಿ ಚೌಕಗಳು.

ಸಾಧನವೇ ಕಳೆದರೆ? ಇದಕ್ಕೆ ಉತ್ತರವಾಗಿ 2013ರಲ್ಲಿ ಪಲಾಟಿನಸ್ ಮತ್ತು ರುಸ್ನಾಕ್ ಇನ್ನಿಬ್ಬರ ಜೊತೆ ಸೇರಿ ಬಿಐಪಿ-39 ಎಂಬ ಮಾನಕ ರೂಪಿಸಿದರು. ಕೀಲಿಯನ್ನು ಮರಳಿ ಪಡೆಯಲು ಸಾಕಾಗುವ 12 ಅಥವಾ 24 ಪದಗಳನ್ನು 2048 ಪದಗಳ ಪಟ್ಟಿಯಿಂದ ಸಾಧನ ಆರಿಸುತ್ತದೆ. ಒಂದೊಂದು ಪದವೂ 11 ಬಿಟ್. 12 ಪದಗಳ 132 ಬಿಟ್‌ಗಳಲ್ಲಿ 128 ಗುಟ್ಟು, ಉಳಿದ 4 ಬರೆಯುವಾಗಿನ ತಪ್ಪು ಹಿಡಿಯಲು. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರಗಳಿಂದಲೇ ಪದ ಗುರುತಾಗುತ್ತದೆ. ಜೆಕ್, ಜಪಾನಿ, ಕೊರಿಯನ್ ಪಟ್ಟಿಗಳೂ ಇವೆ. ಕನ್ನಡವಿರಲಿ, ಭಾರತದ ಯಾವ ಭಾಷೆಯೂ ಇಲ್ಲ.

ಹೊಸ ಸಾಧನ ಸಜ್ಜುಗೊಳಿಸುವಾಗ ಈ ಪದಗಳೇ ಮುಖ್ಯ. ತಯಾರಕರ ತಾಣದಿಂದಲೇ ತಂತ್ರಾಂಶ ಇಳಿಸಿಕೊಂಡು, ಸಾಧನದೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಪರೀಕ್ಷಿಸಿದ ಮೇಲೆ ಪದಗಳು ಸಾಧನದ ಪರದೆಯಲ್ಲೇ ಮೂಡಬೇಕು. ಪೆಟ್ಟಿಗೆಯಲ್ಲಿ ಪದಗಳನ್ನು ಮೊದಲೇ ಮುದ್ರಿಸಿದ ಚೀಟಿ ಸಿಕ್ಕರೆ ಅದು ಮೋಸ. ಪದಗಳನ್ನು ಕಾಗದದಲ್ಲಿ ಕೈಯಾರೆ ಬರೆಯಬೇಕು. ಬೆಂಕಿ, ನೀರಿಗೆ ಹೆದರುವವರು ಉಕ್ಕಿನ ಫಲಕದಲ್ಲಿ ಕೆತ್ತಿಸಿಡುತ್ತಾರೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಇಷ್ಟು ಶ್ರಮವೂ ನೀರಿನಲ್ಲಿ ಹೋಮ. ಹೆಚ್ಚಿನವರು ಬಿಟ್ಟುಬಿಡುವ ಹಂತವೊಂದಿದೆ: ಅಲ್ಪ ಮೊತ್ತ ತುಂಬಿ, ಸಾಧನವನ್ನು ಪೂರ್ತಿ ಅಳಿಸಿ, ಚೀಟಿ ನೋಡಿ ಮರಳಿ ಪಡೆಯುವುದು. ದೊಡ್ಡ ಮೊತ್ತ ಹಾಕುವುದು ಆಮೇಲೆ.

ತಿಜೋರಿಗೂ ಬಿರುಕುಗಳಿದ್ದವು. ಕೈಗೆ ಸಿಕ್ಕ ಟ್ರೆಜರ್‌ನಿಂದ ವಿದ್ಯುತ್ ಏರುಪೇರು ಮಾಡಿ ಸುಮಾರು 15 ನಿಮಿಷಗಳಲ್ಲಿ ಪದಗಳನ್ನು ಹೊರತೆಗೆಯಬಹುದೆಂದು ಕ್ರಾಕೆನ್ ಎಂಬ ಕ್ರಿಪ್ಟೊ ವಿನಿಮಯ ಸಂಸ್ಥೆಯ ಭದ್ರತಾ ತಂಡ 2020ರ ಜನವರಿಯಲ್ಲಿ ತೋರಿಸಿತು. ಪರಿಹಾರ ಪಾಸ್‌ಫ್ರೇಸ್: ಸಾಧನದಲ್ಲಿ ಎಲ್ಲೂ ಉಳಿಯದ ಹೆಚ್ಚುವರಿ ಗುಟ್ಟಿನ ಮಾತು. ಅದನ್ನು ತಪ್ಪಾಗಿ ಟೈಪಿಸಿದರೆ 'ತಪ್ಪು' ಎಂಬ ಸೂಚನೆ ಬರುವುದಿಲ್ಲ, ಬೇರೊಂದು ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ. ಮರೆಗುಳಿಗಳಿಗೆ ಇದು ಕಳ್ಳನಿಗಿಂತ ಅಪಾಯಕಾರಿ.

ಇಂಥದೇ ಸಾಧನ ತಯಾರಿಸುವ ಪ್ಯಾರಿಸ್‌ನ ಲೆಜರ್ ಕಂಪನಿ ಆರಂಭದಿಂದಲೂ ಕೀಲಿ ಕಾಯುವ ಭದ್ರತಾ ಚಿಪ್ ನಂಬಿತ್ತು. ಆದರೆ 2020ರಲ್ಲಿ ಸೋರಿದ್ದು ಚಿಪ್ ಅಲ್ಲ, ಗ್ರಾಹಕರ ಹೆಸರು, ವಿಳಾಸ. ಮರುವರ್ಷ ಕೆಲವರ ಮನೆಗೆ ಅಂಚೆಯಲ್ಲಿ ಪದಗಳನ್ನು ಕದಿಯುವ ನಕಲಿ ಸಾಧನಗಳೇ ಬಂದವು.

ಸಾಧನ ಅಸಲಿಯಾಗಿದ್ದರೂ ಅಪಾಯ ತಪ್ಪಿದ್ದಲ್ಲ. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರ ಸುಮಾರು 150 ಕೋಟಿ ಡಾಲರ್ ಕಳೆದುಕೊಂಡಾಗ ಕೀಲಿ ಕಳುವಾಗಿರಲಿಲ್ಲ. ಕಳ್ಳರು ಕಂಪ್ಯೂಟರ್ ಪರದೆಯಲ್ಲಿ ಕಾಣುವ ವಹಿವಾಟನ್ನು ಬದಲಿಸಿದ್ದರು. ಬೈಬಿಟ್‌ನ ಅಧಿಕಾರಿಗಳು ಹಾರ್ಡ್‌ವೇರ್ ವಾಲೆಟ್‌ನಿಂದಲೇ, ಪೂರ್ತಿ ಓದದೆ, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಂತೆ ಸಹಿ ಹಾಕಿದ್ದರು. ವಹಿವಾಟಿನ ಒಳವಿವರವನ್ನು ಓದಬಲ್ಲ ಮಾತಿನಲ್ಲಿ ತೋರಿಸುವ ದೊಡ್ಡ ಪರದೆಯ ಸಾಧನಗಳತ್ತ ತಯಾರಕರು ಈಗ ಹೊರಳಿದ್ದಾರೆ.