ಮನೆಗೆ ವಿಮೆ: ಕಂತು ನೋಡುವುದಕ್ಕೆ ಮೊದಲು



2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದು ಮನೆಗಳು ಮಣ್ಣುಪಾಲಾದುದನ್ನು ನಾವು ಮರೆತಿಲ್ಲ. ಆದರೂ ಜೀಪಿಗೆ ವರ್ಷ ತಪ್ಪದೆ ವಿಮೆ ಕಟ್ಟುವ ನಮ್ಮಲ್ಲಿ ಹಲವರು ವಾಸದ ಮನೆಯ ವಿಷಯದಲ್ಲಿ ಉದಾಸೀನರಾಗಿದ್ದೇವೆ. ಕಟ್ಟಲು ಹೊರಟವರೂ ‘ಯಾವುದು ಅಗ್ಗ?’ ಎಂದಷ್ಟೇ ಕೇಳುತ್ತಾರೆ. ಬರಿಯ ಕಂತಿನ ಹಣ ನೋಡಿ ಇದಕ್ಕೆ ಉತ್ತರ ಹೇಳಲಾಗದು.

1-4-2021ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ ಇವೆಲ್ಲವೂ ಅದರಲ್ಲಿ ಸೇರಿವೆ. ಮೂಲ ಷರತ್ತುಗಳು ಎಲ್ಲ ಕಂಪೆನಿಗಳಲ್ಲೂ ಒಂದೇ. ಕಂತು ಮಾತ್ರ ಬೇರೆ ಬೇರೆ. ಆದುದರಿಂದ ಹೋಲಿಸಿ ನೋಡುವುದು ಕಷ್ಟವಲ್ಲ.

ಎಷ್ಟು ಮೊತ್ತಕ್ಕೆ? ಮನೆಯನ್ನು ಮಾರಿದರೆ ಬರುವ ಬೆಲೆಗಲ್ಲ, ಮತ್ತೆ ಕಟ್ಟಲು ತಗಲುವ ವೆಚ್ಚಕ್ಕೆ ವಿಮೆ ಮಾಡಿಸಬೇಕು. ನಿವೇಶನದ ಬೆಲೆ ಲೆಕ್ಕಕ್ಕಿಲ್ಲ. ಉದಾಹರಣೆಗೆ, 1,500 ಚದರ ಅಡಿಯ ಮನೆ ಕಟ್ಟಲು ಚದರ ಅಡಿಗೆ 2,000 ರೂ. ಆಗುವುದಾದರೆ ಮೊತ್ತ 30 ಲಕ್ಷ ರೂ. ಊರಿನ ಮೇಸ್ತ್ರಿಯನ್ನು ಕೇಳಿ ಈಗಿನ ದರ ತಿಳಿಯಿರಿ. ಕಟ್ಟಡದ ಮೊತ್ತದ ಶೇ. 20ರಷ್ಟು, ಅಂದರೆ ಇಲ್ಲಿ 6 ಲಕ್ಷ ರೂ., ಮನೆಯ ಸಾಮಾನುಗಳಿಗೆ ತಾನಾಗಿ ದೊರೆಯುತ್ತದೆ. ಇದರ ಮಿತಿ 10 ಲಕ್ಷ ರೂ. ಒಡವೆಗಳಿಗೆ ಬೇರೆಯಾಗಿ ಕಟ್ಟಬೇಕು.

ಹೋಲಿಸುವ ಬಗೆ: ಒಂದು ಕಂಪೆನಿ 20 ಲಕ್ಷಕ್ಕೆ 1,200 ರೂ., ಇನ್ನೊಂದು 30 ಲಕ್ಷಕ್ಕೆ 1,500 ರೂ. ಕೇಳಿತೆನ್ನೋಣ. ಮೊದಲನೆಯದು ಅಗ್ಗವೆಂದು ತೋರುತ್ತದೆ. ಆದರೆ ಲಕ್ಷಕ್ಕೆ ಲೆಕ್ಕ ಹಾಕಿದರೆ ಅದು 60 ರೂ., ಎರಡನೆಯದು 50 ರೂ. ಆದ್ದರಿಂದ ಎಲ್ಲರಲ್ಲೂ ಒಂದೇ ಮೊತ್ತಕ್ಕೆ, ಒಂದೇ ಅವಧಿಗೆ, ತೆರಿಗೆ ಸೇರಿಸಿ ದರ ಕೇಳಬೇಕು.

ಕಂತು ಉಳಿಸಲು ಮೊತ್ತ ಇಳಿಸಬಹುದೇ? ಹಳೆಯ ಮಾದರಿಯ ಪಾಲಿಸಿಗಳಲ್ಲಿ 30 ಲಕ್ಷದ ಮನೆಗೆ 15 ಲಕ್ಷದ ವಿಮೆಯಿದ್ದರೆ, 6 ಲಕ್ಷದ ನಷ್ಟಕ್ಕೆ ಅರ್ಧ, ಅಂದರೆ 3 ಲಕ್ಷವೇ ಸಿಗುತ್ತಿತ್ತು. ಗೃಹ ರಕ್ಷಾದಲ್ಲಿ ಈ ಕಡಿತವಿಲ್ಲ. ಆದರೆ ಮನೆ ಪೂರ್ತಿ ಹೋದರೆ ಸಿಗುವುದು 15 ಲಕ್ಷ. ಉಳಿದರ್ಧ ನಮ್ಮ ಸಾಲ. ಬ್ಯಾಂಕಿನ ಸಾಲವಿರುವವರು ವಿಮೆ ಮನೆಯ ಪೂರ್ಣ ವೆಚ್ಚಕ್ಕಿದೆಯೋ, ಸಾಲದ ಬಾಕಿಗಷ್ಟೇ ಇದೆಯೋ ವಿಚಾರಿಸತಕ್ಕದ್ದು.

ಯಾವುದಕ್ಕೆ ಸಿಗದು? ಮಲೆನಾಡಿನವರು ಇಲ್ಲಿ ವಿಶೇಷ ಗಮನ ಕೊಡಬೇಕು. ಭೂಕುಸಿತಕ್ಕೆ ಪರಿಹಾರವಿದ್ದರೂ, ಮಣ್ಣು ತುಂಬಿ ಮಟ್ಟ ಮಾಡಿದ ನೆಲ ಕೂತು ಬಿರುಕು ಬಿಟ್ಟರೆ, ಹೊಳೆ ದಡ ಕೊರೆದರೆ, ಅಗೆತದಿಂದ ಅಥವಾ ಕಟ್ಟಡದ ಕೆಲಸದಿಂದ ಕುಸಿದರೆ ಪರಿಹಾರವಿಲ್ಲ. ಮನೆಯ ಹಿಂದೆ ಧರೆ ಕಡಿಸುವ ಮುನ್ನ ಇದು ನೆನಪಿರಲಿ. ಬರಿಯ ಕಳವಿಗೂ ಪರಿಹಾರವಿಲ್ಲ. ವಿಮೆಗೊಳಪಟ್ಟ ಅನಾಹುತದ ನಂತರ 7 ದಿನಗಳೊಳಗೆ ಅದರಿಂದಾಗಿ ಆದ ಕಳವಿಗಷ್ಟೇ ಉಂಟು.

ಮಾರಾಟಕ್ಕೆಂದು ಇಟ್ಟ ಅಡಿಕೆ, ಕಾಫಿ ಮೂಟೆಗಳನ್ನು ಮನೆಯ ಸಾಮಾನೆಂದು ಭಾವಿಸಬಾರದು. ಅಟ್ಟದ ಮೇಲಿನ ವರ್ಷದ ದುಡಿಮೆಗೂ ಗೋದಾಮಿಗೂ ಬೇರೆ ವಿಮೆ ಬೇಕು. ಗೋಡೆ, ಮಾಡು ಯಾವುದರದೆಂದು ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ; ಮುಚ್ಚಿಟ್ಟರೆ ಪರಿಹಾರದ ವೇಳೆ ತಕರಾರು ಬರುತ್ತದೆ.

ಮನೆಯ ಒಳಹೊರಗಿನ ಚಿತ್ರಗಳನ್ನೂ ಪಾಲಿಸಿಯ ಪ್ರತಿಯನ್ನೂ ಬೇರೆ ಊರಿನ ನೆಂಟರಲ್ಲಿ ಇಟ್ಟಿರಿ. ಮನೆಯೊಂದಿಗೆ ಕಾಗದವೂ ಹೋದರೆ ಓಡಾಟ ಹೆಚ್ಚು. ಔಷಧಿ ಹೊಡೆಯುವ ಕೆಲಸದಂತೆ ಇದೂ ಮಳೆ ಹಿಡಿಯುವ ಮೊದಲೇ ಮುಗಿಯಬೇಕಾದ ಕೆಲಸವೆಂದು ನಮ್ಮ ವಿನಂತಿ.