ಟವರ್ ಸತ್ತದ್ದು ಕಂಪನಿಗೆ ಗೊತ್ತು, ಪ್ಯಾಕ್‌ಗೆ ಮಾತ್ರ ಗೊತ್ತಿಲ್ಲ!

ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೊಬೈಲ್ ಟವರ್ ಎರಡು ದಿನ ಕೆಟ್ಟು ನಿಂತಿತು ಅಂತ ಇಟ್ಟುಕೊಳ್ಳಿ. ಬ್ಯಾಟರಿ ಹೋಯ್ತೋ, ರಸ್ತೆ ಅಗೆಯುವಾಗ ಫೈಬರ್ ಕೇಬಲ್ ತುಂಡಾಯ್ತೋ, ಏನೋ ಒಂದು. ಮೆಕ್ಕೆಜೋಳದ ರೇಟು ಕೇಳೋಕೆ ಫೋನ್ ಹೋಗಲಿಲ್ಲ. ಬ್ಯಾಂಕಿನ ಓಟಿಪಿ ಬರಲಿಲ್ಲ. ಅಂಗಡಿಯವರು "ನೆಟ್‌ವರ್ಕ್ ಇಲ್ರೀ, ರೊಕ್ಕಾ ಕೊಡ್ರಿ" ಅಂದರು. ಮೂರನೇ ದಿನ ಸಿಗ್ನಲ್ ಬಂತು. ಆದರೆ ನಿಮ್ಮ 28 ದಿನದ ಪ್ಯಾಕ್ ಆ ಎರಡು ದಿನ ನಿಂತಿತ್ತಾ? ಇಲ್ಲ. ಅದು ಓಡುತ್ತಲೇ ಇತ್ತು. ಮುಗಿಯುವ ದಿನಕ್ಕೆ ಸರಿಯಾಗಿ "ರೀಚಾರ್ಜ್ ಮಾಡಿ" ಅಂತ ಮೆಸೇಜೂ ಬಂತು.

ಟವರ್ ಕೆಟ್ಟದ್ದು ಕಂಪನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ನಿಮಗಿಂತ ಮೊದಲೇ ಗೊತ್ತಿತ್ತು. ಹಾಗಾದರೆ ಪ್ಯಾಕ್ ಯಾಕೆ ನಿಲ್ಲಲಿಲ್ಲ? ಇದಕ್ಕೆ ಉತ್ತರ ಬೇಕಾದರೆ ಸಾಮಾನ್ಯವಾಗಿ ಸುದ್ದಿಯಲ್ಲಿ ಬಾರದ ಒಂದು ದೊಡ್ಡ ಮಾರುಕಟ್ಟೆಯ ಒಳಗೆ ಹೋಗಿ ನೋಡಬೇಕು.

ಪ್ರತಿ ಮೊಬೈಲ್ ಕಂಪನಿಯ ಬೆನ್ನ ಹಿಂದೆ ಎರಡು ಬಗೆಯ ಸಾಫ್ಟ್‌ವೇರ್ ಕೆಲಸ ಮಾಡುತ್ತದೆ. ಒಂದರ ಹೆಸರು ಆಪರೇಷನ್ಸ್ ಸಪೋರ್ಟ್ ಸಿಸ್ಟಮ್, ಅಂದ್ರೆ ಓಎಸ್‌ಎಸ್. ಇನ್ನೊಂದು ಬಿಸಿನೆಸ್ ಸಪೋರ್ಟ್ ಸಿಸ್ಟಮ್, ಬಿಎಸ್‌ಎಸ್. ಹೆಸರು ಕೇಳಿ ಗಾಬರಿಯಾಗಬೇಡಿ. ಮೊದಲನೆಯದು ಕಂಪನಿಯ ಕಣ್ಣು. ಎರಡನೆಯದು ಗಲ್ಲಾಪೆಟ್ಟಿಗೆ.

ಕಣ್ಣಿನ ಕೆಲಸ ಏನು? ಯಾವ ಟವರ್ ನಡೆಯುತ್ತಿದೆ, ಯಾವುದು ನಿಂತಿದೆ, ಎಲ್ಲಿ ಕೇಬಲ್ ಕತ್ತರಿಸಿದೆ, ಎಲ್ಲಿ ಕರೆಂಟ್ ಹೋಗಿದೆ ಅಂತ ಹಗಲು ರಾತ್ರಿ ಕಾಯುವುದು. ಹಾನಗಲ್ಲಿನ ಟವರ್ ಕೆಟ್ಟರೆ ದೂರದ ಕಂಟ್ರೋಲ್ ರೂಮಿನ ಪರದೆಯ ಮೇಲೆ ಅಲಾರಂ ಬರುತ್ತದೆ. ಎಷ್ಟು ಗಂಟೆಗೆ ಕೆಟ್ಟಿತು, ಎಷ್ಟು ಗಂಟೆಗೆ ಸರಿಹೋಯಿತು, ಎಲ್ಲ ದಾಖಲಾಗುತ್ತದೆ. ಗಲ್ಲಾಪೆಟ್ಟಿಗೆಯ ಕೆಲಸ ಬೇರೆ. ನೀವು ಯಾವ ಪ್ಯಾಕ್ ಹಾಕಿಸಿದ್ದೀರಿ, ಎಷ್ಟು ಡೇಟಾ ಉಳಿದಿದೆ, ಯಾವ ದಿನ ಮುಗಿಯುತ್ತದೆ, ಮುಗಿದ ಮೇಲೆ ಯಾವಾಗ ಕರೆ ಬಂದ್ ಮಾಡಬೇಕು ಅನ್ನುವುದೆಲ್ಲ ಅದರ ಲೆಕ್ಕ. ನಮ್ಮ ದೇಶದಲ್ಲಿ ಹತ್ತು ಮೊಬೈಲ್ ಸಂಪರ್ಕದಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರೀಪೇಯ್ಡ್. ಅಂದ್ರೆ ದುಡ್ಡು ಮೊದಲು, ಸೇವೆ ಆಮೇಲೆ. ಊರ ಅಂಗಡಿಯ ಉದ್ರಿ ಪುಸ್ತಕಕ್ಕೆ ಇದು ಪೂರ್ತಿ ಉಲ್ಟಾ. ಇಲ್ಲಿ ಸಾಲ ಕೊಟ್ಟವರು ನೀವು, ಪುಸ್ತಕ ಮಾತ್ರ ಅವರ ಕೈಯಲ್ಲಿ.

ಈ ಎರಡೂ ಸಾಫ್ಟ್‌ವೇರ್‌ಗಳನ್ನು ಮಾರುವ ಕಂಪನಿಗಳು ಜಗತ್ತಿನಲ್ಲಿ ಹಲವು. ಇಸ್ರೇಲಿನಲ್ಲಿ ಹುಟ್ಟಿದ ಆಮ್‌ಡಾಕ್ಸ್ ಇದೆ, ಅದರ ದೊಡ್ಡ ಕಚೇರಿ ಪುಣೆಯಲ್ಲೇ ಇದೆ. ಎರಿಕ್ಸನ್, ನೋಕಿಯಾ, ಹುವಾವೇ, ಒರಾಕಲ್, ಜಪಾನಿನ ಎನ್‌ಇಸಿ ಒಡೆತನದ ನೆಟ್‌ಕ್ರ್ಯಾಕರ್ ಇವೆ. 2004ರಲ್ಲಿ ಏರ್‌ಟೆಲ್ ತನ್ನ ಕಂಪ್ಯೂಟರ್ ವ್ಯವಸ್ಥೆಯನ್ನೇ ಹತ್ತು ವರ್ಷದ ಮಟ್ಟಿಗೆ ಐಬಿಎಂಗೆ ವಹಿಸಿತು. ಒಪ್ಪಂದದ ಮೊತ್ತ ಸುಮಾರು 75 ಕೋಟಿ ಡಾಲರ್. ಫೋನ್ ಕಂಪನಿಯೊಂದು ತನ್ನ ಲೆಕ್ಕದ ಕೋಣೆಯನ್ನೇ ಹೊರಗಿನವರ ಕೈಗೆ ಕೊಟ್ಟಿದ್ದು ಆಗ ಜಗತ್ತಿಗೇ ಸುದ್ದಿ.

ನಮ್ಮ ಬೆಂಗಳೂರಿನದೂ ಒಂದು ಹೆಸರಿದೆ, ಸುಬೆಕ್ಸ್. 1992ರಲ್ಲಿ ಶುರುವಾದ ಕಂಪನಿ. 2006ರಲ್ಲಿ ಬ್ರಿಟನ್ನಿನ ಅಜ್ಯೂರ್ ಸೊಲ್ಯೂಷನ್ಸ್, 2007ರಲ್ಲಿ ಕೆನಡಾದ ಸಿಂಡೆಸಿಸ್ ಕಂಪನಿಗಳನ್ನು ಕೊಂಡುಕೊಂಡಿತು. ಇದರ ಹೆಗ್ಗಳಿಕೆ ಯಾವುದರಲ್ಲಿ ಗೊತ್ತಾ? ರೆವಿನ್ಯೂ ಅಶ್ಯೂರೆನ್ಸ್. ಕನ್ನಡದಲ್ಲಿ ಹೇಳಬೇಕಂದ್ರೆ ಸೋರಿಕೆ ತಡೆಯುವುದು. ಕರೆ ಹೋಗಿದೆ, ಬಿಲ್ ಆಗಿಲ್ಲ. ವಿದೇಶದ ಕರೆಯನ್ನು ಸಿಮ್ ಬಾಕ್ಸ್ ಇಟ್ಟು ಲೋಕಲ್ ಕರೆ ಅಂತ ಯಾರೋ ಒಳಗೆ ನುಗ್ಗಿಸಿದ್ದಾರೆ. ಇಂಥದ್ದನ್ನು ಕೋಟಿಗಟ್ಟಲೆ ದಾಖಲೆಗಳ ನಡುವೆ ಹೆಕ್ಕಿ ತೆಗೆಯುವ ಸಾಫ್ಟ್‌ವೇರ್ ಅದು. ಕಂಪನಿಯ ಒಂದು ಪೈಸೆಯೂ ಸೋರಬಾರದು. ತಪ್ಪೇನಿಲ್ಲ, ವ್ಯಾಪಾರ ಅಂದಮೇಲೆ ಹಾಗೇ ಇರಬೇಕು.

ಆದರೆ ಒಂದು ಪ್ರಶ್ನೆ. ಕಂಪನಿಯ ದುಡ್ಡು ಸೋರಿದರೆ ಹುಡುಕುವ ಸಾಫ್ಟ್‌ವೇರ್ ಇದೆ. ಗ್ರಾಹಕನ ದಿನಗಳು ಸೋರಿದರೆ? ಅದನ್ನು ಹುಡುಕುವ ಸಾಫ್ಟ್‌ವೇರ್ ಎಲ್ಲಿದೆ? ಈ ಮಾರುಕಟ್ಟೆಯಲ್ಲಿ ಕೊಳ್ಳುವವರು ನೀವಲ್ಲ ಸ್ವಾಮಿ, ಫೋನ್ ಕಂಪನಿ. ಯಾರು ದುಡ್ಡು ಕೊಡುತ್ತಾರೋ ಅವರಿಗೆ ಬೇಕಾದದ್ದೇ ತಯಾರಾಗುತ್ತದೆ. ಸವಣೂರಿನ ಎಲೆ ತೋಟದವರಿಗೆ ಏನು ಬೇಕು ಅಂತ ಸಾಫ್ಟ್‌ವೇರ್ ಮಾರುವವರು ಕೇಳುವುದಿಲ್ಲ. ಆ ಮಾತನ್ನು ಒಳಗೆ ಹಾಕಿಸಬೇಕಾದವರು ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್.

ಟ್ರಾಯ್ ಹಾಗೆ ಹಾಕಿಸಿದ ಉದಾಹರಣೆಗಳಿವೆ. ಕೇಳದೇ ಕಾಲರ್ ಟ್ಯೂನ್ ಹಾಕಿ ದುಡ್ಡು ಕತ್ತರಿಸುವ ಕಾಟ ನೆನಪಿದೆಯಲ್ವಾ? 2013ರಲ್ಲಿ ಎರಡೆರಡು ಬಾರಿ ಒಪ್ಪಿಗೆ ಪಡೆಯಲೇಬೇಕು ಅಂತ ಆದೇಶ ಬಂತು. ಎಲ್ಲ ಪ್ಯಾಕೂ 28 ದಿನದ್ದೇ, ವರ್ಷಕ್ಕೆ ಹದಿಮೂರು ರೀಚಾರ್ಜ್ ಅನ್ನುವ ದೂರು ಬಂದಾಗ, 30 ದಿನದ್ದೂ ಒಂದು ಇಡಿ ಅಂತ 2022ರಲ್ಲಿ ಹೇಳಿತು. ಕೀಪ್ಯಾಡ್ ಫೋನಿನ ಅಜ್ಜಿಗೆ ಡೇಟಾ ಯಾಕೆ, ಬರೀ ಮಾತಿಗೊಂದು ಪ್ಯಾಕ್ ಕೊಡಿ ಅಂತ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಮೂರೂ ಸಲ ಬದಲಾಗಿದ್ದು ಇದೇ ಗಲ್ಲಾಪೆಟ್ಟಿಗೆಯ ಸಾಫ್ಟ್‌ವೇರ್. ನಿಯಮ ಬಂದರೆ ಸಾಫ್ಟ್‌ವೇರ್ ಬಗ್ಗುತ್ತದೆ.

ಈಗ ನಮ್ಮ ಕೆಟ್ಟು ನಿಂತ ಟವರ್‌ಗೆ ಬರೋಣ. ಅದಕ್ಕೂ ಒಂದು ನಿಯಮ ಬಂದಿದೆ. 2024ರ ಆಗಸ್ಟ್‌ನಲ್ಲಿ ಟ್ರಾಯ್ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ, ಒಂದು ಜಿಲ್ಲೆಯಲ್ಲಿ ಸೇವೆ ಪೂರ್ತಿ ನಿಂತು ನಾಲ್ಕು ಗಂಟೆ ಮೀರಿದರೆ ಕಂಪನಿ ಟ್ರಾಯ್‌ಗೆ ವರದಿ ಮಾಡಬೇಕು. 24 ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ಪ್ಯಾಕ್ ಅವಧಿ ವಿಸ್ತರಣೆ. ಒಂದು ದಿನದಲ್ಲಿ 12 ಗಂಟೆಗಿಂತ ಹೆಚ್ಚು ನಿಂತಿದ್ದರೆ ಪೂರ್ತಿ ದಿನ ಅಂತಲೇ ಲೆಕ್ಕ. ಒಳ್ಳೆಯ ನಿಯಮ. ಚಪ್ಪಾಳೆ ತಟ್ಟಬೇಕು.

ತಟ್ಟುವ ಮೊದಲು ಒಂದು ಪದ ಗಮನಿಸಿ. ಜಿಲ್ಲೆ!

ಹಾವೇರಿ ಜಿಲ್ಲೆಯಲ್ಲಿ ಎಂಟು ತಾಲ್ಲೂಕು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಒಂದು ಕಂಪನಿಯ ಫೋನ್ ಸತ್ತು, ರಾಣೆಬೆನ್ನೂರು, ಬ್ಯಾಡಗಿ, ರಟ್ಟೀಹಳ್ಳಿ, ಹಾವೇರಿಯಲ್ಲಿ ನಡೆಯುತ್ತಿದ್ದರೆ? ಅರ್ಧ ಜಿಲ್ಲೆ ಮೂಕಾದರೂ "ಜಿಲ್ಲೆಯಲ್ಲಿ ಸೇವೆ ನಿಂತಿದೆ" ಅಂತ ಆಗುವುದಿಲ್ಲ. ಇನ್ನು ಒಂದು ಹಳ್ಳಿಯ ಟವರ್ ಯಾವ ಲೆಕ್ಕ? ಕಣ್ಣು ಟವರ್ ಟವರ್ ಲೆಕ್ಕದಲ್ಲಿ ನೋಡುತ್ತದೆ, ನ್ಯಾಯ ಮಾತ್ರ ಜಿಲ್ಲೆಯ ಲೆಕ್ಕದಲ್ಲಿ ಸಿಗುತ್ತದೆ. ತಕರಾರು ಇರುವುದು ಇಲ್ಲಿ.

ಹಿಂದೆ ಹೀಗಿರಲಿಲ್ಲ. ಇಲ್ಲಿಂದ ಬಹಳ ದೂರವಿಲ್ಲದ ಕಿತ್ತೂರಿನಲ್ಲಿ 1986ರಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಶುರುವಾಯಿತು. ಆಮೇಲೆ ದೇಶದ ಹಳ್ಳಿಹಳ್ಳಿಗೆ ಇಂಥ ಎಕ್ಸ್‌ಚೇಂಜ್‌ಗಳು ಬಂದವು. ಆ ಲ್ಯಾಂಡ್‌ಲೈನ್ ಕಾಲದಲ್ಲಿ ಮನೆಗೊಂದು ತಂತಿ. ತಂತಿ ಕೆಟ್ಟರೆ ಆ ಮನೆಯ ದೂರು, ಆ ಮನೆಯ ಲೆಕ್ಕ. ಟ್ರಾಯ್‌ನ 2009ರ ನಿಯಮದಲ್ಲಿ, ದುರಸ್ತಿ ಮೂರು ದಿನ ಮೀರಿದರೆ ಏಳು ದಿನದ ಬಾಡಿಗೆ ವಾಪಸ್, ಏಳು ದಿನ ಮೀರಿದರೆ ಹದಿನೈದು ದಿನದ್ದು, ಹದಿನೈದು ಮೀರಿದರೆ ಒಂದು ತಿಂಗಳದ್ದು. ಒಂದೇ ಒಂದು ಮನೆಯ ಫೋನ್ ಕೆಟ್ಟರೂ ಸಾಕಿತ್ತು. ಜಿಲ್ಲೆಯೆಲ್ಲಾ ಕೆಡಬೇಕು ಅಂತ ಯಾರೂ ಕೇಳಲಿಲ್ಲ.

"ಮೊಬೈಲ್ ಬೇರೆ, ಅದು ಓಡಾಡುವ ಫೋನು, ಯಾರು ಯಾವ ಟವರ್‌ನಲ್ಲಿದ್ದರು ಅಂತ ಹೇಗೆ ಹೇಳೋದು" ಅನ್ನುವ ವಾದ ಬರುತ್ತದೆ. ನಾನೂ ಎಂಜಿನಿಯರಿಂಗ್ ಓದಿದವನು. ಈ ವಾದ ಪೂರ್ತಿ ಸುಳ್ಳಲ್ಲ. ಪಕ್ಕದೂರಿನ ಟವರ್ ಅರ್ಧಂಬರ್ಧ ಸಿಗ್ನಲ್ ಕೊಡುತ್ತಿರಬಹುದು. ನೀವು ಆ ದಿನ ಹುಬ್ಬಳ್ಳಿಗೆ ಹೋಗಿರಬಹುದು. ಆದರೆ ನಿಮ್ಮ ಪ್ರತಿ ಕರೆಯ ದಾಖಲೆಯಲ್ಲೂ ಅದು ಯಾವ ಸೆಲ್‌ನಿಂದ ಹೋಯಿತು ಅನ್ನುವ ಗುರುತು ಇರುತ್ತದೆ. ಅಪರಾಧ ನಡೆದಾಗ ಪೊಲೀಸರು ಟವರ್ ಡಂಪ್ ತೆಗೆಸಿದರು ಅಂತ ನಾವು ದಿನಾ ಸುದ್ದಿ ಓದುತ್ತೇವಲ್ಲ, ಅದು ಇದೇ ದಾಖಲೆ. ಕಳ್ಳ ಯಾವ ಟವರ್ ಕೆಳಗಿದ್ದ ಅಂತ ಹೇಳಲು ಸಾಧ್ಯವಾದರೆ, ದುಡ್ಡು ಕೊಟ್ಟ ಗ್ರಾಹಕ ಯಾವ ಟವರ್ ಕೆಳಗಿದ್ದ ಅಂತ ಹೇಳಲು ಯಾಕೆ ಸಾಧ್ಯವಿಲ್ಲ? ಕಣ್ಣಿಗೂ ಗಲ್ಲಾಪೆಟ್ಟಿಗೆಗೂ ನಡುವೆ ಒಂದು ದಾರಿ ಮಾಡಬೇಕು, ಅಷ್ಟೇ. ಅದಕ್ಕೆ ಖರ್ಚಿದೆ. ಖರ್ಚಿದೆ ಅಂದಮೇಲೆ ನಿಯಮವಿಲ್ಲದೆ ಯಾರೂ ಮಾಡುವುದಿಲ್ಲ.

ಇದು ಚಿಲ್ಲರೆ ವಿಷಯ ಅನ್ನಿಸುತ್ತಾ? ಲೆಕ್ಕ ಹಾಕೋಣ. 280 ರೂಪಾಯಿಗೆ 28 ದಿನದ ಪ್ಯಾಕ್ ಅಂದುಕೊಳ್ಳಿ, ದಿನಕ್ಕೆ ಹತ್ತು ರೂಪಾಯಿ. ಎರಡು ದಿನ ಅಂದ್ರೆ ಇಪ್ಪತ್ತು. ಒಂದು ಊರಿನಲ್ಲಿ ಸಾವಿರ ಫೋನ್ ಇದ್ದರೆ 20,000 ರೂಪಾಯಿ. ಸೇವೆ ಕೊಡದೆ ಉಳಿಸಿಕೊಂಡ ದುಡ್ಡು. ಇಪ್ಪತ್ತು ರೂಪಾಯಿಗಾಗಿ ಒಬ್ಬರೇ ಜಗಳ ಮಾಡಲ್ಲ. ಅದಕ್ಕೇ ಇದು ಹೀಗೇ ನಡೆಯುತ್ತದೆ.

ಹಾಗಾದರೆ ಏನು ಮಾಡಬೇಕು? ಟವರ್ ಕೆಟ್ಟಾಗ ಬೈದು ಸುಮ್ಮನಾಗಬೇಡಿ. ಕಂಪನಿಯ ದೂರು ಸಂಖ್ಯೆ 198. ಸಿಗ್ನಲ್ ಸಿಕ್ಕ ಕಡೆ ನಿಂತು ಕರೆ ಮಾಡಿ, ದೂರಿನ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಟೆಲಿಕಾಂ ದೂರುಗಳನ್ನು ಗ್ರಾಹಕರ ಆಯೋಗವೂ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಇನ್ನೊಂದು ಮಾತು: ಟ್ರಾಯ್ ನಿಯಮ ಮಾಡುವ ಮುಂಚೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಕಂಪನಿಗಳು ಪುಟಗಟ್ಟಲೆ ಬರೆದು ಕಳಿಸುತ್ತವೆ. ನಮ್ಮ ಗ್ರಾಮ ಪಂಚಾಯಿತಿಗಳು ಯಾಕೆ ಬರೆಯಬಾರದು? ಎರಡೇ ಸಾಲು ಸಾಕು: "ಜಿಲ್ಲೆ ಅನ್ನುವುದನ್ನು ತೆಗೆದು ಟವರ್ ಅಂತ ಹಾಕಿ. ನಮ್ಮ ಟವರ್ ಎಷ್ಟು ದಿನ ನಿಂತಿತ್ತೋ, ನಮ್ಮ ಪ್ಯಾಕ್ ಅಷ್ಟು ದಿನ ಮುಂದಕ್ಕೆ ಹೋಗಲಿ."

ಕೇಳುತ್ತಿರುವುದು ರಿಯಾಯಿತಿ ಅಲ್ಲ. ಮುಂಗಡ ಕೊಟ್ಟ ದುಡ್ಡಿನ ಲೆಕ್ಕ.