ಬ್ಯಾಕ್ಟೀರಿಯದ ಬಾಗಿಲು ಕಾಯುವವರು ಯಾರು?

ನಿಮ್ಮ ಕರುಳಿನಲ್ಲಿ ಈ ಕ್ಷಣದಲ್ಲೂ ಕೋಟ್ಯಂತರ ಈ. ಕೋಲೈ ಬ್ಯಾಕ್ಟೀರಿಯಗಳಿವೆ. ಒಂದೊಂದರ ಉದ್ದ ಮಿಲಿಮೀಟರಿನ ಸುಮಾರು ಐನೂರನೆಯ ಒಂದು ಭಾಗ. ಅವಕ್ಕೆ ಕಣ್ಣಿಲ್ಲ, ಮಿದುಳಿಲ್ಲ. ಆದರೂ ಈಗ ಯಾವ ಆಹಾರವನ್ನು ಒಳಕ್ಕೆ ಬಿಡಬೇಕು, ಯಾವುದನ್ನು ಹೊರಗೇ ನಿಲ್ಲಿಸಬೇಕು ಎಂಬುದು ಅವುಗಳಲ್ಲಿ ಅಚ್ಚುಕಟ್ಟಾಗಿ ತೀರ್ಮಾನವಾಗುತ್ತದೆ. ಅದು ಹೇಗೆ?

ಇದರ ಸುಳಿವು ಸಿಕ್ಕಿದ್ದು 1940ರ ಸುಮಾರಿಗೆ, ಪ್ಯಾರಿಸ್ಸಿನಲ್ಲಿ. ಝಾಕ್ ಮೊನೊ ಎಂಬ ಯುವ ವಿಜ್ಞಾನಿ ಬ್ಯಾಕ್ಟೀರಿಯಗಳಿಗೆ ಎರಡೆರಡು ಸಕ್ಕರೆಗಳನ್ನು ಒಟ್ಟಿಗೆ ಕೊಟ್ಟು ಬೆಳವಣಿಗೆಯನ್ನು ಅಳೆಯುತ್ತಿದ್ದರು. ಗ್ಲೂಕೋಸ್ ಜೊತೆಗೆ ಕೆಲವು ಸಕ್ಕರೆಗಳನ್ನು ಕೊಟ್ಟಾಗ ಬೆಳವಣಿಗೆ ಏರಿತು, ನಡುವೆ ಸ್ವಲ್ಪ ಹೊತ್ತು ನಿಂತಿತು, ಮತ್ತೆ ಏರಿತು. ಗ್ಲೂಕೋಸ್ ಮುಗಿಯುವ ತನಕ ಅವು ಎರಡನೆಯ ಸಕ್ಕರೆಯನ್ನು ಬಳಸಿರಲಿಲ್ಲ! ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇದಕ್ಕೆ ಒಳ್ಳೆಯ ಉದಾಹರಣೆ.

ಬ್ಯಾಕ್ಟೀರಿಯದ ಒಳಪೊರೆ ಕೊಬ್ಬಿನಂಥ ಅಣುಗಳಿಂದ ಆದದ್ದು. ಎಣ್ಣೆಯಲ್ಲಿ ಸಕ್ಕರೆ ಕರಗುವುದಿಲ್ಲ ಎಂಬುದು ನಿಮಗೆ ಗೊತ್ತು. ಹಾಗೆಯೇ ಈ ಪೊರೆಯನ್ನು ಸಕ್ಕರೆ ತಾನಾಗಿ ದಾಟಲಾರದು. ಅದಕ್ಕೊಂದು ಬಾಗಿಲು ಬೇಕು. ಲ್ಯಾಕ್ಟೋಸಿಗೆ ಇಂಥ ಬಾಗಿಲಿದೆ ಎಂದು ಮೊನೊ ಮತ್ತು ಸಂಗಡಿಗರು 1956ರಲ್ಲಿ ತೋರಿಸಿಕೊಟ್ಟರು. ಪರ್ಮಿಯೇಸ್ ಎಂಬ ಈ ಪ್ರೋಟೀನು ಒಮ್ಮೆ ಹೊರಮುಖವಾಗಿ, ಒಮ್ಮೆ ಒಳಮುಖವಾಗಿ ತೆರೆದುಕೊಳ್ಳುತ್ತದೆ. ಕೋಶವು ಹೈಡ್ರೋಜನ್ ಅಯಾನುಗಳನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ. ಅವು ಮರಳಿ ಒಳನುಗ್ಗುವಾಗ ಲ್ಯಾಕ್ಟೋಸನ್ನೂ ಜೊತೆಗೆ ಕರೆತರುತ್ತವೆ.

ಈ ಬಾಗಿಲಿನ ಮೇಲೆ ಎರಡು ಬಗೆಯ ಹಿಡಿತವಿದೆ. ಮೊದಲನೆಯದು, ಬಾಗಿಲನ್ನು ಮಾಡಬೇಕೆ ಬೇಡವೆ ಎಂಬುದು. ಲ್ಯಾಕ್ಟೋಸ್ ಇಲ್ಲದಾಗ ಒಂದು ತಡೆ ಪ್ರೋಟೀನು ವಂಶವಾಹಿಯ ಮೇಲೆ ಕುಳಿತಿರುತ್ತದೆ. ಆದರೂ ಬೆರಳೆಣಿಕೆಯ ಪರ್ಮಿಯೇಸುಗಳು ಪೊರೆಯಲ್ಲಿ ಇದ್ದೇ ಇರುತ್ತವೆ. ಲ್ಯಾಕ್ಟೋಸ್ ಬಂದಾಗ ಅವುಗಳ ಮೂಲಕ ಒಂದಿಷ್ಟು ಒಳಸೇರುತ್ತದೆ. ಅದರಿಂದ ಹುಟ್ಟುವ ಒಂದು ವಸ್ತು ತಡೆ ಪ್ರೋಟೀನನ್ನು ಎಬ್ಬಿಸಿ ಕಳುಹಿಸುತ್ತದೆ. ಆಗ ಹೊಸ ಪರ್ಮಿಯೇಸುಗಳು ಹೇರಳವಾಗಿ ತಯಾರಾಗುತ್ತವೆ.

ಎರಡನೆಯ ಹಿಡಿತ ಇನ್ನೂ ಚುರುಕು. ಬಾಗಿಲುಗಳು ಸಿದ್ಧವಾದ ಮೇಲೆ ಗ್ಲೂಕೋಸ್ ಬಂದರೆ? ಗ್ಲೂಕೋಸ್ ಒಳಬರುವಾಗ ಅದಕ್ಕೊಂದು ಫಾಸ್ಫೇಟ್ ಅಂಟಿಸಲಾಗುತ್ತದೆ. ಆ ಫಾಸ್ಫೇಟನ್ನು ದಾಟಿಸಿ ಬರಿಗೈಯಾದ ಪ್ರೋಟೀನು ಸುಮ್ಮನೆ ಕೂರುವುದಿಲ್ಲ. ಪರ್ಮಿಯೇಸಿಗೆ ಒಳಗಿನಿಂದ ಅಂಟಿಕೊಂಡು ಅಗುಳಿ ಹಾಕುತ್ತದೆ. ಗ್ಲೂಕೋಸ್ ಮುಗಿದಾಗ ಫಾಸ್ಫೇಟ್ ಅದರ ಕೈಯಲ್ಲೇ ಉಳಿಯುತ್ತದೆ, ಅಗುಳಿ ಸಡಿಲುತ್ತದೆ. ಗ್ಲೂಕೋಸನ್ನು ತರುವ ಯಂತ್ರವೇ ಲ್ಯಾಕ್ಟೋಸಿನ ಕಾವಲುಗಾರ!

ಇದು ಬರಿಯ ಊಟದ ವಿಚಾರವಲ್ಲ. ಟೆಟ್ರಾಸೈಕ್ಲಿನ್ ಔಷಧಿಯನ್ನು ಕೆಲವು ಬ್ಯಾಕ್ಟೀರಿಯಗಳು ಪಂಪಿನಂತೆ ಹೊರದಬ್ಬುತ್ತವೆ ಎಂದು ಅಮೆರಿಕದ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. ಅಲ್ಲಿಯೂ ಇದೇ ನಿಯಮ. ಔಷಧಿ ಇಲ್ಲದಾಗ ಪಂಪಿನ ವಂಶವಾಹಿಯ ಮೇಲೆ ಒಂದು ತಡೆ ಪ್ರೋಟೀನು. ಔಷಧಿ ಒಳಬಂದು ಅದಕ್ಕೆ ತಗುಲಿದೊಡನೆ ತಡೆ ಕಳಚುತ್ತದೆ, ಪಂಪು ತಯಾರಾಗುತ್ತದೆ. ಕೊಲ್ಲಲು ಬಂದ ಔಷಧಿಯೇ ತನ್ನನ್ನು ಹೊರಹಾಕುವ ಗಂಟೆ ಬಾರಿಸಿದಂತೆ! ಈ ವಂಶವಾಹಿ ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟಲೂಬಲ್ಲದು.

ನೆಗಡಿಗೆ ಕಾರಣ ವೈರಸ್. ಆ್ಯಂಟಿಬಯಾಟಿಕ್ ಅದನ್ನು ಏನೂ ಮಾಡದು. ಆದರೆ ನಾವು ಸುಮ್ಮಸುಮ್ಮನೆ ನುಂಗಿದ ಪ್ರತಿ ಮಾತ್ರೆಗೂ ನಮ್ಮ ಕರುಳಿನ ಸಾಧಾರಣ ಬ್ಯಾಕ್ಟೀರಿಯಗಳು ಸಾಯುತ್ತವೆ, ಪಂಪು ಉಳ್ಳವು ಬದುಕಿ ಹೆಚ್ಚುತ್ತವೆ. ಮುಂದೆ ನಿಜವಾಗಿ ಬೇಕಾದ ದಿನ ಔಷಧಿ ಕೆಲಸ ಮಾಡದೆ ಹೋಗಬಹುದು. ಆದ್ದರಿಂದ ವೈದ್ಯರು ಹೇಳದೆ ಆ್ಯಂಟಿಬಯಾಟಿಕ್ ಬೇಡ. ಹೇಳಿದಾಗ, ಅವರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿ. ಮನೆಯವರಿಗೂ ಇದನ್ನು ತಿಳಿಸಿ.